ಟೋಕನ್ ಇಲ್ಲದ ಜೋಡುಗಳು

ಈ ಊರಿನಲ್ಲಿ ವರ್ಷಕ್ಕೆ ಎರಡು ದಿನ ಬೀಗಗಳಿಗೆ ರಜೆ.

ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಎಂಬ ಈ ಊರಿಗೆ ಬಂದು ಆಗಿನ್ನೂ ಮೂರು ವಾರ. ಸೆಪ್ಟೆಂಬರಿನ ಒಂದು ಶನಿವಾರ ಹಾಲು ತರಲು ಹೊರಟವನು, ಒಂದು ಹಳೇ ಜೈಲಿನ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನೋಡಿದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಕೊಡೆ ಹಿಡಿದ ಮುದುಕರು, ಎದೆಗೆ ಕೂಸು ಕಟ್ಟಿಕೊಂಡ ಹೆಂಗಸರು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದವರು. ಯಾರ ಮುಖದಲ್ಲೂ ದುಃಖವಿಲ್ಲ. ಯಾರನ್ನೋ ಹಿಡಿದು ಹಾಕಿದ್ದಾರೆ, ನೆಂಟರೆಲ್ಲ ನೋಡಲು ಬಂದಿದ್ದಾರೆ ಎಂದುಕೊಂಡು ಮನೆಗೆ ಬಂದೆ.

"ಅಷ್ಟೊಂದು ಜನ ನೆಂಟ್ರು ಇರೋ ಕಳ್ಳ ಯಾರೇ ಅವ್ನು?" ಎಂದು ಹೆಂಡತಿಯನ್ನು ಕೇಳಿದೆ.

ಸುಮಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಕಾಲು ನೀಡಿಕೊಂಡು ಕೂತಿದ್ದವಳು ನಕ್ಕುಬಿಟ್ಟಳು. "ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ ಕಣ್ರೀ. ಜೈಲು ನೋಡಕ್ಕೆ ನಿಂತವ್ರೆ. ಇವತ್ತು ನಾಳೆ ಎಲ್ಲಾ ಹಳೇ ಬಿಲ್ಡಿಂಗೂ ಓಪನ್ನು. ಫ್ರೀ."

"ಜೈಲು ನಮ್ಮೂರಲ್ಲಿ ಯಾವಾಗ್ಲೂ ಫ್ರೀನೇ ಅಲ್ವೇನೇ?"

ವರ್ಷವಿಡೀ ಮುಚ್ಚಿರುವ ಬಾಗಿಲುಗಳನ್ನು ಇಲ್ಲಿ ಎರಡು ದಿನ ಊರಿನವರಿಗೆ ತೆರೆದಿಡುತ್ತಾರೆ. ಬ್ಯಾಂಕಿನ ನೆಲಮಾಳಿಗೆ, ಕೋರ್ಟಿನ ಕಟಕಟೆ, ನಾಟಕದ ಮನೆಯ ಹಿಂಭಾಗ, ಹೀಗೆ ಯಾವುದಕ್ಕೆ ಬೇಕಾದರೂ ಯಾರು ಬೇಕಾದರೂ ಹೋಗಬಹುದು. ತಮ್ಮ ಊರನ್ನು ತಾವೇ ನೋಡಲು ಜನ ಮಳೆಯಲ್ಲಿ ನಿಲ್ಲುತ್ತಾರೆ ಎನ್ನುವುದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ನಾನು ಹಗರೆಯವನು. ಬೇಲೂರಿಗೂ ಹಳೇಬೀಡಿಗೂ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಬಾಯಿ ಬಿಟ್ಟುಕೊಂಡು ನೋಡುವ ಆ ಗೋಡೆಗಳನ್ನು ನಾನು ಒಂದು ದಿನವೂ ನಿಂತು ನೋಡಿದವನಲ್ಲ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದೆ. ಮೂವತ್ತನಾಲ್ಕನೇ ವಯಸ್ಸಿಗೆ ಸುಮಾಳ ಒತ್ತಾಯಕ್ಕೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದೆ. ಪರೀಕ್ಷೆ ಹಾಲಿನಲ್ಲಿ ಪಕ್ಕದ ಬೆಂಚಿನ ಹುಡುಗಿ ನನ್ನನ್ನು ಮೇಲ್ವಿಚಾರಕ ಎಂದುಕೊಂಡು ಎದ್ದು ನಿಂತಿದ್ದಳು. ಕೆಲವು ವರ್ಷದ ಮೇಲೆ ಸುಮಾಗೆ ಇಲ್ಲಿ ಕೆಲಸ ಸಿಕ್ಕಿತು, ಹಿಂದೆ ನಾನು ಬಂದೆ, ಜೊತೆಗೆ ಮಗಳು ನಿತ್ಯ. ಊರಿನಿಂದ ಫೋನು ಮಾಡಿದವರು, "ಸುಮಮ್ಮ ಸರಿ, ನೀನ್ ಅಲ್ಲೇನ್ ಮಾಡ್ತೀಯಲಾ?" ಎನ್ನುತ್ತಾರೆ. "ನೆಲ ಒರೆಸ್ತೀನಿ" ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ.

ಅಬರ್ಡೀನ್ ಕಲ್ಲಿನ ಊರು. ಮನೆ, ಬ್ಯಾಂಕು, ಚರ್ಚು, ಮೋರಿ ಎಲ್ಲಾ ಒಂದೇ ಬೂದು ಬಣ್ಣದ ಗಟ್ಟಿ ಕಲ್ಲು. ಮೋಡ ಮುಚ್ಚಿದ್ದಾಗ ಊರಿಗೆ ಊರೇ ಒಲೆ ಆರಿದ ಹಾಗೆ ಕಾಣುತ್ತದೆ. ಮಳೆ ನಿಂತು ಬಿಸಿಲು ಬಿದ್ದರೆ ಮಾತ್ರ ಗೋಡೆಗಳೆಲ್ಲ ಅಭ್ರಕ ಉಜ್ಜಿದಂತೆ ಮಿಣಮಿಣ ಎನ್ನುತ್ತವೆ. ನಮ್ಮ ಕಡೆಯ ದೇವಸ್ಥಾನದ ಕಲ್ಲು ಮೆದು, ಬಳಪದ ಕಲ್ಲು. ಉಗುರಿನಲ್ಲೂ ಗೆರೆ ಎಳೆಯಬಹುದೇನೋ ಅನ್ನಿಸುತ್ತದೆ. ಇಲ್ಲಿನ ಕಲ್ಲು ಉಳಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಗೊಂಬೆ ಕಡಿಮೆ, ಗೋಡೆ ಜಾಸ್ತಿ.

ಜನರೂ ಮೊದಲಿಗೆ ಹಾಗೇ ಅನ್ನಿಸಿದರು. ನಾವಿರುವುದು ಮೂರನೇ ಮಹಡಿಯಲ್ಲಿ, ಒಂದೇ ಮೆಟ್ಟಿಲಿಗೆ ಆರು ಮನೆ. ಮಂಡಿಯಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆಯವರೆಗೂ ಕಿವಿ ತುಂಬಾ ಜನ. "ಊಟಾಯ್ತಾ? ಏನ್ ಸಾರು?" ಎಂದು ಕೇಳಿಸಿಕೊಳ್ಳದ ದಿನವಿಲ್ಲ. ಇಲ್ಲಿ ಆರು ತಿಂಗಳು ಯಾರೂ ನನ್ನ ಸಾರಿನ ವಿಚಾರ ಕೇಳಲಿಲ್ಲ. ಹತ್ತನೇ ಕ್ಲಾಸಿಗೆ ಕಷ್ಟಪಟ್ಟು ಕಲಿತ 'ಹೌ ಆರ್ ಯು'ವನ್ನೂ ಇವರು ಹಾಗೆ ಹೇಳುವುದಿಲ್ಲ. 'ಫಿಟ್ ಲೈಕ್' ಎನ್ನುತ್ತಾರೆ. ಅಂದರೆ, ಹೇಗಿದ್ದೀಯಾ ಎಂದು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕ ಕೆಳಗಿನ ಮನೆಯ ಅಜ್ಜಿಗೆ ನಾನೇ ಮೊದಲು "ಫಿಟ್ ಲೈಕ್" ಎಂದೆ. ಆಕೆ ಚೀಲ ಕೆಳಗಿಟ್ಟು ತನ್ನ ಮಂಡಿನೋವಿನ ಕಥೆಯನ್ನು ಇಪ್ಪತ್ತು ನಿಮಿಷ ಹೇಳಿದಳು. ಅರ್ಧ ಅರ್ಥವಾಗಲಿಲ್ಲ. ಆದರೆ ಆವತ್ತು ಮನೆಗೆ ಹೋಗಿ, "ಇಲ್ಲೂ ಜನ ಅವ್ರೆ ಕಣೇ" ಎಂದೆ ಸುಮಾಗೆ.

ತಿಂಡಿಗೆ 'ರೋವಿ' ಎಂಬುದೊಂದು ಸಿಗುತ್ತದೆ. ನಮ್ಮ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಮೇಲೆ ಬಸ್ಸು ಹತ್ತಿದ ಹಾಗಿರುತ್ತದೆ, ಚಪ್ಪಟೆ, ಉಪ್ಪುಪ್ಪು. ಅತ್ತೆ ಕಟ್ಟಿಕೊಟ್ಟಿದ್ದ ಹುಚ್ಚೆಳ್ಳು ಚಟ್ನಿಪುಡಿ ಹಾಕಿಕೊಂಡು ತಿಂದರೆ ಪರವಾಗಿಲ್ಲ.

ನಾನು ಕೆಲಸ ಮಾಡುವುದು ಪೇಟೆಯ ನಡುವೆ ಇರುವ ಒಂದು ದೊಡ್ಡ ಕಟ್ಟಡದಲ್ಲಿ. ಹಿಂದೆ ಹಡಗಿನ ವ್ಯಾಪಾರಿಗಳು ಸೇರುತ್ತಿದ್ದ ಜಾಗವಂತೆ, ಈಗ ಒಳಗೆ ಆಫೀಸುಗಳು. ಬೆಳಿಗ್ಗೆ ಐದಕ್ಕೆ ಹೋಗಿ ಎಂಟಕ್ಕೆ ಮುಗಿಸುತ್ತೇನೆ. ಒಳಗಿನ ಹಜಾರದ ನೆಲ ನೀವು ನೋಡಬೇಕು: ಅವರೆಕಾಳಿನಷ್ಟು ಸಣ್ಣ ಬಣ್ಣದ ಕಲ್ಲುಗಳನ್ನು ಜೋಡಿಸಿ ಒಂದು ಹಾಯಿಹಡಗು ಮಾಡಿದ್ದಾರೆ, ಸುತ್ತ ಅಲೆ, ಅಲೆಯೊಳಗೆ ಮೀನು. ಆ ಮೀನುಗಳ ಮೈಯೆಲ್ಲ ನಾನು ದಿನಾ ಒರೆಸುತ್ತೇನೆ. ಆದರೆ ನಾನು ಒಳಗೆ ಹೋಗುವುದು ಹಿಂದಿನ ಓಣಿಯ ಸಣ್ಣ ಬಾಗಿಲಿನಿಂದ. ಮುಂದಿನದು ಎರಡಾಳೆತ್ತರದ ಮರದ ಬಾಗಿಲು. ಅದನ್ನು ತೆರೆಯುವುದೇ ವರ್ಷಕ್ಕೆ ಆ ಎರಡು ದಿನ. ಎರಡು ವರ್ಷ ಅದರ ಹಿತ್ತಾಳೆ ಹಿಡಿಯನ್ನು ಒಳಗಿನಿಂದ ತಿಕ್ಕಿದ್ದೆ, ಹೊರಗಿನಿಂದ ದಾಟಿ ಬಂದಿರಲಿಲ್ಲ.

ಕಟ್ಟಡ ನೋಡಿಕೊಳ್ಳುವಾಕೆ ಮೊಯ್ರಾ. ಅರವತ್ತರ ಹೆಂಗಸು, ಗಿಡ್ಡ ಆಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಹೋದ ಸೆಪ್ಟೆಂಬರಿಗೆ ಮೊದಲು ಒಂದು ಬೆಳಿಗ್ಗೆ ಬಂದು, "ಪರಂ, ಈ ಸಲ ಬಾಗಿಲು ತೆರೆಯುವ ದಿನ ಹಜಾರದಲ್ಲಿ ನೀನು ನಿಲ್ಲಬೇಕು. ಬಂದವರಿಗೆ ನಾಲ್ಕು ಮಾತು ಹೇಳು" ಎಂದಳು. ನನ್ನ ಪೂರ್ತಿ ಹೆಸರು ಪರಮೇಶ. ಅರ್ಧಕ್ಕೇ ಅವಳಿಗೆ ಸುಸ್ತು.

"ನನ್ನ ಇಂಗ್ಲಿಷು ನಿಮಗೆ ಗೊತ್ತಲ್ಲ."

"ಗೊತ್ತು. ಈ ನೆಲ ನಿನ್ನಷ್ಟು ಗೊತ್ತಿರುವವರು ಇನ್ಯಾರೂ ಇಲ್ಲ, ಅದೂ ಗೊತ್ತು" ಎಂದು ಒಂದು ಚೀಟಿ ಕೊಟ್ಟು ಹೋದಳು. ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು.

ಆ ಸಾಲುಗಳನ್ನು ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದಾಗ ನಿತ್ಯ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಹನ್ನೊಂದು. ಇಲ್ಲಿಗೆ ಬಂದ ವರ್ಷವೇ ಇಲ್ಲಿಯವರ ಹಾಗೆ ಮಾತು ಕಲಿತುಬಿಟ್ಟಳು. ಶಾಲೆಯ ಸಭೆಗೆ "ಅಮ್ಮ ಬರ್ಲಿ" ಎನ್ನುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ, ಗೊತ್ತಿತ್ತು.

"ಅಪ್ಪ, ನೀನು ನಿಜವಾಗ್ಲೂ ಎಲ್ರ ಮುಂದೆ ಅದನ್ನ ಹೇಳ್ತೀಯಾ?"

"ಹ್ಞೂ ಕಣವ್ವ."

"ನಮ್ ಸ್ಕೂಲಲ್ಲಿ ಐದು ಬಿಲ್ಡಿಂಗ್ ನೋಡಿ ಸ್ಟ್ಯಾಂಪ್ ಹಾಕಿಸ್ಕೊಂಡ್ ಬನ್ನಿ ಅಂದಿದಾರೆ. ನಾನು ಐಲ್ಸಾ ಜೊತೆ ಬರ್ತೀನಿ, ಅವ್ಳ ಅಮ್ಮನೂ ಬರ್ತಾರೆ." ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅಲ್ಲಿ ನನ್ನ ನೋಡಿದ್ರೆ ಮಾತಾಡಿಸ್ಬೇಡ. ಆಯ್ತಾ?"

"ಆಯ್ತು" ಎಂದೆ.

"ಪ್ರಾಮಿಸ್?"

"ಆಯ್ತು ಅಂದ್ನಲ್ಲ ಮಗ."

ಅವಳು ಹೋದ ಮೇಲೆ ಚೀಟಿ ಮಡಚಿ ಜೇಬಿಗಿಟ್ಟೆ. ಸಿಟ್ಟು ಬರಲಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದವನು. ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಮಂಡಿಯ ಗೆಳೆಯರ ಜೊತೆ ನಿಂತಿದ್ದಾಗ, ಬೇಲೂರಿನ ಸಣ್ಣಪ್ಪ ಮಾವ ಚೀಲ ಹೊತ್ತು ಎದುರಿಗೆ ಬಂದರೆ ಪೇಪರು ಅಡ್ಡ ಹಿಡಿದಿದ್ದೆ. ಮಾವನ ಕೆಲಸ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವುದು.

ಶನಿವಾರ ಒಂಬತ್ತೂವರೆಗೆ ಮೊಯ್ರಾ ಮುಂದಿನ ಬಾಗಿಲಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಅಂಗೈಯಷ್ಟುದ್ದದ ಕಬ್ಬಿಣದ ಕೀಲಿ. "ನೀನು ತೆರೆ. ನಾನು ಮೇಲಿನ ಕೋಣೆ ನೋಡಿಕೊಳ್ಳುತ್ತೇನೆ" ಎಂದು ಹೋದಳು. ನಾನು ಹಿಂದಿನ ಓಣಿಯಿಂದ ಸುತ್ತಿಕೊಂಡು ಬೀದಿಗೆ ಬಂದು, ಮೆಟ್ಟಿಲು ಹತ್ತಿ, ಬೀಗ ತೆರೆದೆ. ಎರಡೂ ಬಾಗಿಲು ತಳ್ಳಿದಾಗ ಬೀದಿಯ ಬೆಳಕು ಒಳಗೆ ಹೋಗಿ ನಾನೇ ಗುರುವಾರದಿಂದ ಉಜ್ಜಿದ್ದ ನೆಲದ ಮೇಲೆ ಹಾಸಿಕೊಂಡಿತು. ಹಡಗು ತೇಲುತ್ತಿತ್ತು. ಹೊಸಿಲು ದಾಟುವಾಗ ನಾನು ಏನು ಮಾಡಿದೆ ಎಂದು ನನಗೇ ಗೊತ್ತಾಗಲಿಲ್ಲ. ಶೂ ಬಿಚ್ಚಿ, ಒಳಗೆ ಗೋಡೆ ಬದಿಗೆ ಇಟ್ಟು, ಬಲಗಾಲು ಮೊದಲಿಟ್ಟು ಒಳಗೆ ಹೋದೆ.

ಕೊರಳಿಗೆ ಬಿಲ್ಲೆ ಹಾಕಿಕೊಂಡು ಹಡಗಿನ ಪಕ್ಕ ನಿಂತೆ. ಕಾಲುಚೀಲದಲ್ಲೇ.

ಮೊದಲು ಬಂದವರು ಒಬ್ಬ ಮುದುಕ, ಮುದುಕಿ. ಬಾಗಿಲಲ್ಲಿ ನಿಂತು ನನ್ನ ಕಾಲು ನೋಡಿದರು. ಗೋಡೆ ಬದಿಯ ಶೂ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ಗೋಡೆ ಹಿಡಿದುಕೊಂಡು, ಉಸ್ಸೆನ್ನುತ್ತಾ, ತನ್ನ ಲೇಸು ಬಿಚ್ಚತೊಡಗಿದ. ಬೇಡ ಎನ್ನಲು ಬಾಯಿ ತೆರೆದೆ. ಇಂಗ್ಲಿಷು ಸಿಕ್ಕುವಷ್ಟರಲ್ಲಿ ಮುದುಕಿಯೂ ಬಿಚ್ಚಿದ್ದಳು. ಅವರ ಹಿಂದಿನ ಸಂಸಾರ ಇವರನ್ನು ನೋಡಿ ಬಿಚ್ಚಿತು. ಅವರ ಹಿಂದಿನವರು ಅವರನ್ನು ನೋಡಿ. ಈ ದೇಶದಲ್ಲಿ ಕ್ಯೂ ಎಂದರೆ ಹಾಗೆ: ಮುಂದಿನವರು ಮಾಡಿದ್ದನ್ನು ಹಿಂದಿನವರು ಪ್ರಶ್ನೆ ಕೇಳದೆ ಮಾಡುತ್ತಾರೆ. ಹತ್ತು ಗಂಟೆಗೆ ಬಾಗಿಲ ಬಳಿ ಶೂಗಳ ರಾಶಿ ಬಿದ್ದಿತ್ತು. ಒಬ್ಬ ಎತ್ತರದ ಆಸಾಮಿಯ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. "ಗೊತ್ತಿದ್ದರೆ ಒಳ್ಳೆಯದನ್ನು ಹಾಕಿಕೊಂಡು ಬರುತ್ತಿದ್ದೆ" ಎಂದು ಎಲ್ಲರಿಗೂ ಹೇಳುತ್ತಾ ಹೋದ.

ಆ ರಾಶಿ ನೋಡಿ ನನ್ನ ಕೈ ಸುಮ್ಮನಿರಲಿಲ್ಲ.

ಸಣ್ಣಪ್ಪ ಮಾವನಿಗೆ ಹುಷಾರಿಲ್ಲದಾಗಲೆಲ್ಲ, ಮಂಡಿಗೆ ರಜೆ ಹಾಕಿ ಹೋಗಿ ಅವನ ಜಾಗದಲ್ಲಿ ಕೂರುತ್ತಿದ್ದವನು ನಾನು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ನಾಚಿಕೆಗೆ ತಲೆ ಬಗ್ಗಿಸಿಕೊಂಡೇ ಕೂತಿರುತ್ತಿದ್ದೆ. ಎಷ್ಟೋ ದೂರದಿಂದ ಬಂದವರು ಒಳಗೆ ಹೋಗಿ ಕಣ್ಣರಳಿಸಿಕೊಂಡು ಬರುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಜೋಡು ಬಿಟ್ಟು ಏಳುವ ಹಾಗಿಲ್ಲವಲ್ಲ. ಬೇಲೂರು ನೋಡಿದವನಲ್ಲ ನಾನು, ಬೇಲೂರು ನೋಡಿ ಬಂದವರ ಕಾಲು ನೋಡಿದವನು. ಮಾವ ಹೇಳಿಕೊಟ್ಟಿದ್ದು ಅದನ್ನೇ. "ಮಕ ನೋಡ್ಬ್ಯಾಡ ಕಣ್ಲಾ, ಮಕ ಎಲ್ರುದೂ ಒಂದೇ ತರ ಇರ್ತವೆ. ಕಾಲ್ನೋಡು. ಕಾಲು ಒಬ್ಬೊಬ್ರುದು ಒಂದೊಂದು ತರ." ಇನ್ನೊಂದು ನಿಯಮ, ಒಂದೇ ಮನೆಯವರ ಜೋಡುಗಳನ್ನು ಒಟ್ಟಿಗೆ ಇಡುವುದು, ಯಾರ ಜೊತೆ ಯಾರು ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮನೆಯಲ್ಲಿ ಶೂ ಜೋಡಿಸುವಾಗ ನಿತ್ಯಳಿಗೂ ಇದನ್ನು ಹೇಳಿದ್ದೆ. ದೂರದವರಿಗೆ ತಗಡಿನ ಟೋಕನ್ ಕೊಡುತ್ತಿದ್ದ. ಸುತ್ತಿನ ಊರವರಿಗೆ, ಹಗರೆ, ಗೆಂಡೆಹಳ್ಳಿ ಕಡೆಯವರಿಗೆ, ಟೋಕನ್ ಇಲ್ಲ. "ನಮ್ಮೋರ್ಗೆಲ್ಲಾ ಯಾತ್ರುದ್ಲಾ ಟೋಕನ್ನು?" ಎನ್ನುತ್ತಿದ್ದ.

ನಾನು ಮಂಡಿಯೂರಿ ಕೂತು ಶೂಗಳನ್ನು ಸಾಲು ಮಾಡಿದೆ. ಮೂತಿ ಹೊರಗೆ, ಮನೆಮನೆಗೆ ಒಂದು ಗುಂಪು. ಹೊರಗೆ ಹೋಗುವವರ ಕಾಲು ನೋಡಿ ಅವರವರದನ್ನು ತೆಗೆದುಕೊಟ್ಟೆ. ಒಂದೂ ತಪ್ಪಲಿಲ್ಲ. ಇಪ್ಪತ್ತು ವರ್ಷ ಆಗಿತ್ತು, ಕೈ ಮರೆತಿರಲಿಲ್ಲ.

ಹನ್ನೊಂದಕ್ಕೆ ಮೊಯ್ರಾ ಕೆಳಗೆ ಬಂದಳು. ಮೆಟ್ಟಿಲಲ್ಲೇ ನಿಂತುಬಿಟ್ಟಳು. ಹಜಾರದ ತುಂಬಾ ಜನ, ಒಬ್ಬರ ಕಾಲಲ್ಲೂ ಶೂ ಇಲ್ಲ.

"ಪರಂ, ಇದೇನಿದು?"

ತಪ್ಪಾಯಿತು ಎಂದೆ. ನಮ್ಮೂರಲ್ಲಿ ದೊಡ್ಡ ಬಾಗಿಲು ದಾಟುವಾಗ ಹೀಗೆ, ನಾನು ಯಾರಿಗೂ ಹೇಳಲಿಲ್ಲ, ಅವರಾಗಿಯೇ ಬಿಚ್ಚಿದರು, ಈಗಲೇ ಹೇಳಿ ಹಾಕಿಸುತ್ತೇನೆ ಎಂದೆ. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದ್ದೆ. ಅವಳು ಕೈ ಎತ್ತಿ ಸುಮ್ಮನಿರು ಎಂದಳು. ಕಿವಿಗೊಟ್ಟು ನಿಂತಳು. ಹಜಾರದಲ್ಲಿ ಸದ್ದೇ ಇರಲಿಲ್ಲ. ಜನ ಹಡಗಿನ ಮೇಲೆ ಮೆಲ್ಲಗೆ ನಡೆಯುತ್ತಿದ್ದರು, ಬೆರಳಿನಿಂದ ಮೀನುಗಳನ್ನು ಮುಟ್ಟಿ ನೋಡುತ್ತಿದ್ದರು. ನೆಲದಡಿಯಲ್ಲಿ ಬಿಸಿನೀರಿನ ಕೊಳವೆ ಹಾದುಹೋಗುವ ಕಡೆ ಒಂದು ಪಟ್ಟಿ ಬೆಚ್ಚಗಿರುತ್ತದೆ. ಅಲ್ಲಿ ನಾಲ್ಕು ಜನ ಅಜ್ಜಿಯರು ಸಾಲಾಗಿ ನಿಂತುಕೊಂಡು ಜಾಗ ಬಿಟ್ಟು ಕದಲುತ್ತಿರಲಿಲ್ಲ.

"ಇಷ್ಟು ವರ್ಷದಲ್ಲಿ ಇವರು ಇಷ್ಟು ಮೆತ್ತಗೆ ನಡೆದದ್ದು ನಾನು ನೋಡಿಲ್ಲ" ಎಂದಳು ಮೊಯ್ರಾ. ಆಮೇಲೆ ಮೆಟ್ಟಿಲ ಮೇಲೆ ಕೂತು ತನ್ನದನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಚೀಟಿಯ ನಾಲ್ಕು ಸಾಲು ಎರಡನೇ ಗುಂಪಿಗೇ ಮರೆತುಹೋಗಿತ್ತು. ಒರೆಸಿ ಗೊತ್ತಿದ್ದನ್ನು ಹೇಳಿದೆ. ಮೂರನೇ ಮೆಟ್ಟಿಲಲ್ಲಿ ನೀರು ನಿಲ್ಲುತ್ತದೆ, ಯಾಕೆಂದರೆ ಎಲ್ಲರೂ ಅಲ್ಲೇ ನಿಂತು ಮೇಲೆ ನೋಡಿ ನೋಡಿ ಕಲ್ಲು ಸವೆದಿದೆ. ಈ ಮೀನಿನ ಕಣ್ಣು ಬೇರೆ ಬಣ್ಣ, ಯಾವತ್ತೋ ಕಿತ್ತುಹೋಗಿ ಬೇರೆ ಕಲ್ಲು ಕೂರಿಸಿದ್ದಾರೆ. ಹಡಗಿನ ಈ ಬದಿ ನುಣುಪು, ಆ ಬದಿ ತರಿ; ಬಾಗಿಲ ಗಾಳಿಗೆ ವ್ಯಾಪಾರಿಗಳೆಲ್ಲ ಈ ಬದಿಗೇ ನಿಲ್ಲುತ್ತಿದ್ದರೇನೋ. ವ್ಯಾಕರಣ ಎಲ್ಲೆಲ್ಲೋ ಹೋಯಿತು. ಜನ ಬಗ್ಗಿ ಮುಟ್ಟಿ ನೋಡಿ, "ಆಯ್, ಆಯ್" ಎಂದರು. ಇಲ್ಲಿ 'ಆಯ್' ಎಂದರೆ ಹೌದು ಎಂದರ್ಥ.

ಕಲ್ಲಿನ ಕೆಲಸ ಮಾಡಿ ನಿವೃತ್ತನಾದ ಒಬ್ಬ ಹಿರಿಯ ಬಹಳ ಹೊತ್ತು ನಿಂತಿದ್ದ. ನಿನ್ನ ಊರು ಯಾವುದು ಎಂದ. ಬೇಲೂರು, ಹಳೇಬೀಡಿನ ಹತ್ತಿರ ಎಂದೆ. ಅವನ ಕಣ್ಣು ಅರಳಿತು. ಚಿತ್ರದಲ್ಲಿ ನೋಡಿದ್ದನಂತೆ. "ಆ ಗೋಡೆಗಳು ಹೇಗಿವೆ, ಹೇಳು" ಎಂದ. ಮಧ್ಯಾಹ್ನ ಅಂಗಳದ ಕಲ್ಲು ಎಷ್ಟು ಕಾಯುತ್ತದೆ, ಜನ ಹೇಗೆ ಕುಣಿದುಕೊಂಡು ಓಡಿ ಬರುತ್ತಾರೆ ಎಂದು ಮಾತ್ರ ಹೇಳಿದೆ. ಅವನು ನಕ್ಕ. ಗೋಡೆಯ ವಿಚಾರಕ್ಕೆ ಕಾಯುತ್ತಲೇ ಇದ್ದ.

ಮೂರು ಗಂಟೆಗೆ ನಿತ್ಯ ಬಂದಳು. ನಾನು ತಲೆ ಎತ್ತಿ ನೋಡಲಿಲ್ಲ. ಬಾಗಿಲಲ್ಲಿ ಎರಡು ಜೊತೆ ಹುಡುಗಿಯರ ಶೂ, ಒಂದು ಜೊತೆ ಹೆಂಗಸಿನ ಬೂಟು ಕಂಡವು. ಆ ನೀಲಿ ಶೂವಿನ ಮಣ್ಣನ್ನು ಹಿಂದಿನ ದಿನ ನಾನೇ ತೊಳೆದಿದ್ದೆ.

"ವೆಲ್ಕಮ್. ಶೂಸ್ ಹಿಯರ್ ಪ್ಲೀಸ್" ಎಂದೆ, ಎಲ್ಲರಿಗೂ ಹೇಳಿದ ಹಾಗೆ.

ಅವಳು ಬಿಚ್ಚಿ ಕೊಟ್ಟಳು. "ಥ್ಯಾಂಕ್ ಯು" ಎಂದಳು.

ನಮ್ಮಲ್ಲಿ ಅಪ್ಪನಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಅದು ಹೊರಗಿನವರಿಗೆ ಹೇಳುವುದು. ಹುಟ್ಟಿದಾಗಿನಿಂದ ಅವಳು ನನಗೆ ಆ ಮಾತು ಹೇಳಿದ್ದು ಅದೇ ಮೊದಲು. ಮಾತಾಡಿಸಬೇಡ ಎಂದು ಅವಳು ಕೇಳಿದ್ದಳು, ನಾನು ಒಪ್ಪಿದ್ದೆ. ಹೋಗಿ ಹಡಗಿನ ಪಕ್ಕ ನಿಂತು ಮೀನಿನ ಕಣ್ಣಿನ ವಿಚಾರ ಹೇಳಿದೆ. ಅವಳು ಗುಂಪಿನ ಹಿಂದೆ ನಿಂತಿದ್ದಳು. ನಾನು ಆ ಕಡೆ ತಿರುಗಲಿಲ್ಲ.

ಅವರು ಮೇಲಿನ ಕೋಣೆಗಳನ್ನು ನೋಡಿ, ಸ್ಟ್ಯಾಂಪು ಹಾಕಿಸಿಕೊಂಡು ವಾಪಸ್ಸು ಬಂದರು. ಐಲ್ಸಾಳ ಶೂ, ಅವಳಮ್ಮನ ಬೂಟು ಜೊತೆಯಲ್ಲಿದ್ದವು. ನಿತ್ಯಳದು ಅಲ್ಲಿರಲಿಲ್ಲ.

"ನಿನ್ನದು ಕಾಣುತ್ತಿಲ್ಲ!" ಎಂದಳು ಐಲ್ಸಾ. ಅವಳಮ್ಮ ಸಾಲನ್ನೆಲ್ಲ ಬಗ್ಗಿ ಹುಡುಕಿದಳು.

ಆಗ ನಾನು ನೋಡಿದೆ. ನೀಲಿ ಶೂ ಒಳಗಿನ ಗೋಡೆ ಬದಿಯಲ್ಲಿತ್ತು, ಬೆಳಿಗ್ಗೆ ನಾನು ಬಿಟ್ಟಿದ್ದ ನನ್ನ ಕರೀ ಶೂಗೆ ಅಂಟಿಕೊಂಡು. ಒಂದೇ ಮನೆಯವರದು ಒಟ್ಟಿಗೆ. ಕೊಟ್ಟ ಮಾತನ್ನು ಬಾಯಿ ಉಳಿಸಿಕೊಂಡಿತ್ತು, ಕೈ ಉಳಿಸಿಕೊಂಡಿರಲಿಲ್ಲ.

ಹೋಗಿ ತಂದುಕೊಡಲೋ, ಸುಮ್ಮನಿರಲೋ ತಿಳಿಯದೆ ನಿಂತೆ. ಅಷ್ಟರಲ್ಲಿ ನಿತ್ಯಳೂ ನೋಡಿದಳು. ನಡೆದುಕೊಂಡು ಹೋಗಿ ಗೋಡೆ ಬದಿ ನೆಲದ ಮೇಲೆ ಕೂತಳು.

"ನಿನ್ನದನ್ನು ಯಾಕೆ ಅಲ್ಲಿಟ್ಟಿದ್ದಾರೆ?" ಎಂದಳು ಐಲ್ಸಾ.

ನಿತ್ಯ ಲೇಸು ಎಳೆಯುತ್ತಿದ್ದಳು. ಗೊತ್ತಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿ, ಅಷ್ಟಕ್ಕೇ ಮುಗಿಯಲಿ ಎಂದೂ ಅನ್ನಿಸಿತು. ಅವಳು ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮ ಊರಲ್ಲಿ ಒಂದೇ ಮನೆಯವರದನ್ನು ಒಟ್ಟಿಗೆ ಇಡುತ್ತಾರೆ ಎಂದು. ಆಮೇಲೆ, ಹಜಾರಕ್ಕೆಲ್ಲ ಕೇಳುವ ಹಾಗೆ, ಕನ್ನಡದಲ್ಲಿ ಕೂಗಿದಳು.

"ಅಪ್ಪಾ, ಗಂಟು ಬಿದ್ಬಿಟ್ಟಿದೆ. ಬಿಚ್ಕೊಡು ಬಾ."

ನಾನು ಹೋಗಿ ಮಂಡಿಯೂರಿ ಕೂತೆ. ಅವಳು ಕಾಲು ಚಾಚಿದಳು. ಗಂಟು ಅಂಥ ದೊಡ್ಡದೇನೂ ಇರಲಿಲ್ಲ. ನನಗೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಸರಿಯಾಗಿ ಕಾಣುತ್ತಿರಲಿಲ್ಲ.

"ನೀವು ಇವಳ ತಂದೆಯಾ? ಮತ್ತೆ ಹೇಳಲೇ ಇಲ್ಲವಲ್ಲ!" ಎಂದಳು ಐಲ್ಸಾಳ ಅಮ್ಮ.

"ಆನ್ ಡ್ಯೂಟಿ, ಮೇಡಂ" ಎಂದೆ.

ಸಂಜೆ ನಾನೂ ನಿತ್ಯಳೂ ನಡೆದುಕೊಂಡು ಮನೆಗೆ ಬಂದೆವು. ಸಮುದ್ರದ ಕಡೆಯಿಂದ ಮಂಜು ಬರುತ್ತಿತ್ತು. 'ಹಾರ್' ಎನ್ನುತ್ತಾರೆ ಇಲ್ಲಿ ಅದಕ್ಕೆ. ಬಂದರೆ ಎದುರಿನ ಮನೆಯೂ ಕಾಣುವುದಿಲ್ಲ.

"ಅಪ್ಪ, ಬೇಲೂರಲ್ಲಿ ಗೋಡೆ ಮೇಲೆ ಏನೇನಿದೆ?" ಎಂದಳು ಇದ್ದಕ್ಕಿದ್ದಂತೆ. ಕಲ್ಲಿನ ಕೆಲಸದ ಹಿರಿಯ ಮೇಲಿನ ಕೋಣೆಯಲ್ಲಿ ಅವಳಿಗೂ ಸಿಕ್ಕಿದ್ದನಂತೆ.

"ಗೊತ್ತಿಲ್ಲ ಕಣವ್ವ."

"ಅಲ್ಲೇ ಇದ್ದು ಗೊತ್ತಿಲ್ವಾ?"

"ಅಲ್ಲೇ ಇದ್ದೆ, ಅದಕ್ಕೇ ಗೊತ್ತಿಲ್ಲ" ಎಂದೆ.

ಭಾನುವಾರ ಹೋದಾಗ ಮೊಯ್ರಾ ಬಾಗಿಲ ಬಳಿ ಎರಡು ಬೆಂಚು ಹಾಕಿಸಿದ್ದಳು, ಕೂತು ಬಿಚ್ಚುವವರಿಗೆ.

ಈ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆವು. ಅರಸೀಕೆರೆಯಲ್ಲಿ ಇಳಿದು ಮಂಡಿಗೆ ಹೋದೆ. ಹಳೇ ಗೆಳೆಯರು ಒಂದು ಕಾಯಿ ಕೈಗೆ ಕೊಟ್ಟು, "ಹೇಳ್ಲಾ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟೈತಾ?" ಎಂದರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಲೊಟಲೊಟ ಎಂದಿತು. "ಬಿಟ್ಟೈತೆ" ಎಂದೆ. ಒಡೆದರು, ಸರಿಯಾಗಿತ್ತು. "ಪರವಾಗಿಲ್ಲ, ಕಿವಿ ಇನ್ನೂ ಇಲ್ಲೇ ಐತೆ" ಎಂದು ನಕ್ಕರು. ಸ್ಟೇಷನ್ ರಸ್ತೆಯಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಕೊಂಡೆ.

ಹಳೇಬೀಡು ಮೊದಲ ದಿನ, ಬೇಲೂರು ಎರಡನೇ ದಿನ. ನಲವತ್ತಾರನೇ ವಯಸ್ಸಿಗೆ ನಾನು ಮೊದಲ ಸಲ ತಲೆ ಎತ್ತಿಕೊಂಡು ಆ ಗೋಡೆಗಳನ್ನು ಸುತ್ತಿದೆ. ಆನೆಗಳ ಸಾಲಿನಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಸೊಂಡಿಲು ಮಡಚಿದೆ, ಒಂದು ಮುಂದಿನದರ ಬಾಲ ಹಿಡಿದಿದೆ. ನಿತ್ಯ ಬೆರಳು ತೋರಿಸಿ ಎಣಿಸುತ್ತಾ ಹೋದಳು. ನಾನು ಮಾತ್ರ ಅಭ್ಯಾಸಬಲದಿಂದ ಕಾಲುಗಳನ್ನೇ ನೋಡುತ್ತಿದ್ದೆ, ಆನೆಯದೂ, ಆಳಿನದೂ. ಕಾಲು ಒಬ್ಬೊಬ್ಬರದು ಒಂದೊಂದು ತರ ಎಂದು ಆ ಕೆತ್ತಿದವನಿಗೂ ಗೊತ್ತಿತ್ತು. ಒಬ್ಬ ಗೈಡು ನಮ್ಮ ಹಿಂದೆ ಬಂದು ಇಂಗ್ಲಿಷಿನಲ್ಲಿ ಶುರು ಮಾಡಿದ. "ನಾವು ಹಗರೆಯೋರು ಕಣಣ್ಣ" ಎಂದೆ. ಅವನು ನಿತ್ಯಳ ಟೋಪಿ, ನನ್ನ ಜರ್ಕಿನ್ನು ನೋಡಿ, "ಆಯ್ತು ಬಿಡಿ ಸಾರ್" ಎಂದು ನಂಬದೆ ಹೋದ. ಏಪ್ರಿಲ್ ಬಿಸಿಲಲ್ಲಿ ಜರ್ಕಿನ್ ಯಾಕೆ ಹಾಕಿಕೊಂಡಿದ್ದೆನೋ, ನನಗೂ ಗೊತ್ತಿಲ್ಲ.

ಅಂಗಳದ ಕಲ್ಲು ಕಾದು ಹೆಂಚಾಗಿತ್ತು. ನಿತ್ಯ "ಅಮ್ಮಾ, ಅಮ್ಮಾ" ಎಂದು ಕುಣಿಯುತ್ತಾ ಹೊರಗೆ ಓಡಿದಳು, ಹಿಂದೆ ನಾನೂ.

ಸಣ್ಣಪ್ಪ ಮಾವ ಅದೇ ಜಾಗದಲ್ಲಿ, ಅದೇ ಕಟ್ಟೆಯ ಮೇಲೆ ಕೂತಿದ್ದ. ಕಣ್ಣು ಮಂದವಾಗಿದೆ. ಬೆಳಿಗ್ಗೆ ಒಳಗೆ ಹೋಗುವಾಗ ಗುರುತು ಹೇಳಿರಲಿಲ್ಲ, ಅವನೇ ಹಿಡಿಯಲಿ ಎಂದು ಸುಮ್ಮನಿದ್ದೆ. ಅವನು ನಮ್ಮ ಕಾಲು ನೋಡಿ ಎರಡು ಟೋಕನ್ ಎತ್ತಿದ್ದ. ನಿತ್ಯ ಒಂದನ್ನು ವಾಪಸ್ಸು ಕೊಟ್ಟಿದ್ದಳು. "ಒಂದ್ ಸಾಕು ತಾತ. ನಾವು ಒಂದೇ ಮನೆಯವ್ರು. ಒಟ್ಟಿಗೇ ಇಡಿ."

ಈಗ ಟೋಕನ್ ಕೊಡುತ್ತಾ, "ಮಾವ" ಎಂದೆ.

ಅವನು ತಲೆ ಎತ್ತಿದ. ಮುಖ ನೋಡಿದ. ಮತ್ತೆ ಕಾಲು ನೋಡಿದ. "ಪರಮೇಶನೇನ್ಲಾ? ಅಯ್ಯೋ ನಿನ್ನ! ಬೆಳಿಗ್ಗೆ ಕಾಲ್ನೋಡಿ ಯಾರೋ ದೂರದೋರು ಅನ್ಕಂಡೆ ಕಣ್ಲಾ. ಬೆಳ್ಳಗಾಗವೆ, ಬಿರುಕೇ ಇಲ್ಲ. ಅದೇನ್ ಶೂವೊಳಗೇ ಮಲಗ್ತೀಯಾ?"

"ಚಳಿ ಮಾವ ಅಲ್ಲಿ."

"ಇವ್ಳು ಮಗ್ಳಾ? ಇವ್ಳೇ ವಾಸಿ, ಬಂದ ತಕ್ಷಣ ನಂಗೇ ಪಾಠ ಹೇಳಿದ್ಳು" ಎಂದು ನಿತ್ಯಳ ತಲೆ ಸವರಿದ.

ಅರಸೀಕೆರೆ ಸ್ಟೇಷನ್ನಿನಲ್ಲಿ ಪೇಪರು ಅಡ್ಡ ಹಿಡಿದಿದ್ದನ್ನು ಹೇಳಬೇಕೆಂದು ಅಷ್ಟು ದೂರದಿಂದ ಬಂದಿದ್ದೆ. ಅದರ ಬದಲು ಅಬರ್ಡೀನಿನ ಹಜಾರದ ಕಥೆ ಹೇಳಿದೆ, ಬಿಳಿಯರೆಲ್ಲ ಸಾಲಾಗಿ ಜೋಡು ಬಿಚ್ಚಿದ್ದು, ಟೋಕನ್ ಇಲ್ಲದೆ ನಾನು ಎಲ್ಲರಿಗೂ ವಾಪಸ್ಸು ಕೊಟ್ಟಿದ್ದು. ಮಾವ ಬಾಯಿ ಬಿಟ್ಟುಕೊಂಡು ಕೇಳಿದ. "ಒಂದೂ ತಪ್ಲಿಲ್ವಾ?" ಎಂದು ಎರಡು ಸಲ ಕೇಳಿದ. ಇಲ್ಲ ಎಂದಾಗ ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟ. ಒಂದು ಗಂಟೆ ಅವನ ಪಕ್ಕದಲ್ಲಿ ಕೂತು ಬಂದವರ ಜೋಡು ಇಟ್ಟುಕೊಂಡೆ. ತಲೆ ಬಗ್ಗಿಸಲಿಲ್ಲ.

ಹೊರಡುವಾಗ ಹೊಸ ಚಪ್ಪಲಿ ಹಾಕಿಕೊಳ್ಳಲು ಹೋದೆ. ನಾಳೆ ಬೆಂಗಳೂರು, ನಾಡಿದ್ದು ವಿಮಾನ, ಆಮೇಲೆ ಮತ್ತೆ ಶೂ.

"ಇದು ಅಲ್ಲಿಗೆ ಯಾತ್ಕಾದ್ರೂ ಆಯ್ತದಾ?" ಎಂದ ಮಾವ.

"ಇಲ್ಲ ಮಾವ. ಮಂಜಲ್ಲಿ ಹಾಕಕ್ಕಾಗಲ್ಲ."

"ಹಂಗಾರೆ ಇಲ್ಲೇ ಬಿಡು. ನಾನ್ ಮಡಗಿರ್ತೀನಿ" ಎಂದು ಚಪ್ಪಲಿಯನ್ನು ಹಿಂದಿನ ಸಾಲಿಗೆ ತಳ್ಳಿ, ತಂತಿಯಿಂದ ಒಂದು ಟೋಕನ್ ಬಿಚ್ಚಿ ನನ್ನ ಅಂಗೈಗೆ ಹಾಕಿದ.

"ನಮ್ಮೋರ್ಗೆ ಟೋಕನ್ ಇಲ್ಲ ಅಂತಿದ್ದೆ?"

ಮಾವ ನಗಲಿಲ್ಲ. "ದಿನಾ ಬರೋರ್ಗೆ ಬ್ಯಾಡ ಕಣ್ಲಾ. ನೀನು ಯಾವಾಗ್ ಬತ್ತೀಯೋ. ನಾನಿಲ್ದೆ ಇದ್ರೂ ಇದನ್ನ ತೋರ್ಸುದ್ರೆ ಕೊಡ್ತಾರೆ."

ಸುಮಾ ಬಾಡಿಗೆ ಕಾರಿನಲ್ಲಿ ಕಾಯುತ್ತಿದ್ದ ಕಡೆಗೆ ಬರಿಗಾಲಲ್ಲೇ ನಡೆದೆ. ಕಲ್ಲು ಸುಡುತ್ತಿತ್ತು. ನಿತ್ಯ ತನ್ನ ಶೂ ಹಾಕಿಕೊಂಡು ಪಕ್ಕದಲ್ಲಿ ಬರುತ್ತಾ, "ಓಡು ಅಪ್ಪ, ಓಡು" ಎನ್ನುತ್ತಿದ್ದಳು. ನಾನು ಓಡಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಒಂದೇ ಬೆರಳಲ್ಲಿ ಬರೆಯುತ್ತಿದ್ದೇನೆ, ಮೂರು ವಾರ ಹಿಡಿಯಿತು. ಮತ್ತೆ ಸೆಪ್ಟೆಂಬರ್ ಬಂದಿದೆ. ಈ ಸಲವೂ ಮುಂದಿನ ಬಾಗಿಲು ನಾನೇ ತೆರೆಯಬೇಕಂತೆ. ನಿತ್ಯ ನನ್ನ ಜೊತೆ ನಿಲ್ಲುತ್ತೇನೆ ಎಂದಿದ್ದಾಳೆ. ಮೀನಿನ ಕಣ್ಣಿನ ಕಥೆ ಅವಳು ಹೇಳುತ್ತಾಳಂತೆ, ಜೋಡು ನಾನು ನೋಡಿಕೊಳ್ಳಬೇಕಂತೆ. ಹಿಂದಿನ ಓಣಿಯ ಬಾಗಿಲಿನ ಕೀಲಿ ಇರುವ ರಿಂಗಿಗೇ ಮಾವನ ಟೋಕನ್ ಪೋಣಿಸಿಕೊಂಡಿದ್ದೇನೆ. ಅದರ ನಂಬರು ನಲವತ್ತೊಂದು. ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಬೀಗ ಹುಡುಕುವಾಗ ಕೀಲಿಗೆ ಮೊದಲು ಅದೇ ಕೈಗೆ ಸಿಗುತ್ತದೆ. ಬೇಲೂರಿನ ಆ ತಂತಿಯಲ್ಲಿ ನಲವತ್ತರ ಪಕ್ಕ ನಲವತ್ತೆರಡು ನೇತಾಡುತ್ತಿರಬೇಕು, ಹಿಂದಿನ ಸಾಲಿನಲ್ಲಿ ನನ್ನ ಚಪ್ಪಲಿ ಮೂತಿ ಹೊರಗೆ ಮಾಡಿಕೊಂಡು ಕೂತಿರಬೇಕು. ಇಲ್ಲಿ ನಾನು ಶೂ ಹಾಕಿಕೊಂಡು ನಡೆಯುತ್ತೇನೆ.